ಬಟ್ಟೆಯ ಮೇಲಿನ ಫೋಟೊ ಒಗೆದಾಗ ಕದಡುವುದೇಕೆ?

ದಿಂಬಿನ ಕವರಿಗೆಂದು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಅಜ್ಜಿಯ ಫೋಟೊ ಮೊದಲ ಒಗೆತಕ್ಕೇ ಕದಡಿಹೋಯಿತು ಎಂದು ಬರೆದಿದ್ದೀರಿ, ಓದಿ ಬೇಸರವಾಯಿತು. ತಪ್ಪು ನಿಮ್ಮದಲ್ಲ, ಬಹುಶಃ ಶಾಯಿಯದು. ಡೈ ಶಾಯಿ ನೀರಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ. ಎಷ್ಟೋ ಪ್ರಿಂಟರ್‌ಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಕಾರ್ಟ್ರಿಜ್‌ನ ವಿವರ ಓದಿ ನೋಡಿ.

ಮತ್ತೆ ಮುದ್ರಿಸುವುದಾದರೆ, ಒತ್ತಾದ ನೇಯ್ಗೆಯ ಬಿಳಿ ಹತ್ತಿಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆಯಿರಿ. ಫ್ರೀಜರ್ ಪೇಪರಿನ (ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಕಾಗದ) ಹೊಳಪು ಬದಿಗೆ ಬಟ್ಟೆಯನ್ನಿಟ್ಟು, ಇಸ್ತ್ರಿಯಿಂದ ಅಂಟಿಸಿ, ಎ4 ಅಳತೆಗೆ ಕತ್ತರಿಸಿ. ಅಂಚಿನಲ್ಲಿ ಒಂದೇ ಒಂದು ಎಳೆ ಚಾಚಿಕೊಂಡಿದ್ದರೂ ಅದು ಪ್ರಿಂಟರಿನ ಶಾಯಿ ಚಿಮ್ಮಿಸುವ ಹೆಡ್‌ಗೆ ಸಿಕ್ಕಿ ಮುಖದ ಮೇಲೆಲ್ಲ ಗೆರೆ ಎಳೆಯುತ್ತದೆ, ನನಗೆ ಹಾಗಾಗಿದೆ. (ಲೇಸರ್ ಪ್ರಿಂಟರಿಗೆ ಈ ಕಾಗದ ಹಾಕಲೇಬೇಡಿ, ಬಿಸಿಗೆ ಅದರ ಪ್ಲಾಸ್ಟಿಕ್ ಲೇಪ ಕರಗುತ್ತದೆ.) ಮುದ್ರಿಸಿದ ಮೇಲೆ ಒಂದು ದಿನ ಒಣಗಲು ಬಿಟ್ಟು, ಹಬೆಯಿಲ್ಲದೆ ಇಸ್ತ್ರಿ ಮಾಡಿ.