ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನು ಸ್ಪರ್ಧೆಗೆ ಕಳಿಸಬಹುದೇ?

ಫೇಸ್‌ಬುಕ್‌ಗೆ ಹಾಕಿ ಅಳಿಸಿದ 900 ಪದಗಳ ಕಥೆಯನ್ನು ಸ್ಪರ್ಧೆಗೂ ಪತ್ರಿಕೆಗೂ ಒಟ್ಟಿಗೆ ಕಳಿಸಬಹುದೇ ಎಂದು ಕೇಳಿದ್ದೀರಿ. ಎಲ್ಲರಿಗೂ ಕಾಣುವಂತೆ ಹಾಕಿದ್ದರೆ ಬಹಳಷ್ಟು ಸಂಪಾದಕರು ಅದನ್ನು ‘ಪ್ರಕಟಿತ’ವೆಂದೇ ಎಣಿಸುತ್ತಾರೆ, ಅಳಿಸಿದ್ದರೂ ಅಷ್ಟೇ. ಮುಚ್ಚಿಡಬೇಡಿ, ಎರಡು ಸಾಲಿನ ಇಮೇಲ್ ಬರೆದು ಮೊದಲೇ ಕೇಳಿಬಿಡಿ. ಬಹುಮಾನ ಬಂದ ಮೇಲೆ ಯಾರಾದರೂ ಹಳೆಯ ಸ್ಕ್ರೀನ್‌ಶಾಟ್ ತೋರಿಸಿದರೆ ಬಹುಮಾನವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ.

ಒಟ್ಟಿಗೆ ಕಳಿಸುವುದು ನಿಯಮದಲ್ಲಿ ‘ಬೇರೆಡೆ ಪರಿಶೀಲನೆಯಲ್ಲಿರಬಾರದು’ ಎಂದಿಲ್ಲದಿದ್ದರೆ ಮಾತ್ರ. ಒಂದು ಕಡೆ ಆಯ್ಕೆಯಾದರೆ ಇನ್ನೊಂದು ಕಡೆಗೆ ಅದೇ ದಿನ ತಿಳಿಸಿ. ಯಾವುದನ್ನು ಎಲ್ಲಿಗೆ, ಎಂದು ಕಳಿಸಿದಿರಿ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡಿ.

ಸ್ಪರ್ಧೆಯಲ್ಲಿ ಕೆಲವು ಕಥೆಗಳು ಓದುವ ಮೊದಲೇ ಬೀಳುವುದು ಲೇಖಕರ ಹೆಸರು ಕಾಣುವುದರಿಂದ. ತೀರ್ಪುಗಾರರಿಗೆ ಲೇಖಕರ ಗುರುತು ಸಿಗಬಾರದೆಂದಿದ್ದರೆ ಪುಟದ ಮೇಲಿನ ಹೆಸರು ತೆಗೆದರೆ ಸಾಲದು. ಫೈಲ್‌ನ ಹೆಸರಿನಲ್ಲಿ, ಪ್ರತಿ ಪುಟದ ಮೇಲಂಚಿನಲ್ಲಿ, ವರ್ಡ್ ಫೈಲ್‌ನ ಒಳಗಿನ ‘ಆಥರ್’ ವಿವರದಲ್ಲಿ ಹೆಸರು ಉಳಿದಿರಬಹುದು. ಮೂರನ್ನೂ ನೋಡಿ. ಪದಮಿತಿ 800 ಆಗಿದ್ದರೆ ನಿಮ್ಮ ಕಥೆಯಿಂದ ನೂರು ಪದ ಕಡಿಯಲೇಬೇಕು. ಮೊದಲ ಪ್ಯಾರಾದಿಂದಲೇ ಹುಡುಕಲು ಶುರುಮಾಡಿ.

ಕೊನೆಗೆ, ಹಕ್ಕುಗಳ ಸಾಲನ್ನು ನಿಧಾನವಾಗಿ ಓದಿ. ‘ಮೊದಲ ಪ್ರಕಟಣೆಯ ಹಕ್ಕು’ ಕೇಳಿದರೆ ಸರಿ. ‘ಬಂದ ಎಲ್ಲ ಬರಹಗಳ ಸಂಪೂರ್ಣ ಹಕ್ಕು ಆಯೋಜಕರದ್ದು’ ಎಂದಿದ್ದರೆ, ಸೋತ ಕಥೆಯನ್ನೂ ಕಳೆದುಕೊಳ್ಳಬಹುದು. ಅಂಥಲ್ಲಿಗೆ ಕಳಿಸಲೇಬೇಡಿ.