ಕುಸಿದ ಮೂಲನಿವಾಸಿ ಜನಸಂಖ್ಯೆ ಮತ್ತೆ ಬೆಳೆಯುವುದು ಯಾವಾಗ?

ಪ್ರಶ್ನೆ: ಹೊರಗಿನವರ ಸಂಪರ್ಕಕ್ಕೆ ಬಂದ ಮೇಲೆ ಸಾಂಕ್ರಾಮಿಕ ರೋಗಗಳಿಂದ ಕುಸಿದುಹೋದ ಮೂಲನಿವಾಸಿ ಸಮುದಾಯಗಳಲ್ಲಿ ಕೆಲವು ಮತ್ತೆ ಬೆಳೆದವು, ಕೆಲವು ಬೆಳೆಯಲೇ ಇಲ್ಲ. ರೋಗನಿರೋಧಕ ಶಕ್ತಿ ಬಂದದ್ದೇ ಚೇತರಿಕೆಗೆ ಕಾರಣವೇ?

ಉತ್ತರ: ಅದೂ ಒಂದು ಕಾರಣ, ಆದರೆ ಅದೊಂದೇ ಸಾಲದು. ದಡಾರವೋ ಸಿಡುಬೋ ಮೊದಲ ಬಾರಿಗೆ ಹೊಕ್ಕ ಹಳ್ಳಿಯಲ್ಲಿ ಎಲ್ಲರೂ ಒಟ್ಟಿಗೇ ಹಾಸಿಗೆ ಹಿಡಿಯುವುದರಿಂದ ನೀರು ತರಲು, ಬೇಯಿಸಿ ಹಾಕಲು, ಕೂಸುಗಳನ್ನು ನೋಡಿಕೊಳ್ಳಲು ಯಾರೂ ಉಳಿಯುವುದಿಲ್ಲ. ರೋಗದಿಂದ ಪಾರಾಗಬಹುದಾಗಿದ್ದವರೂ ಹಸಿವು ಬಾಯಾರಿಕೆಗಳಿಂದ ಸಾಯುತ್ತಾರೆ. ಹೆರುವ ವಯಸ್ಸಿನ ಹೆಂಗಸರು ತೀರಿಹೋದರೆ ಆ ನಷ್ಟ ಮುಂದಿನ ತಲೆಮಾರಿನವರೆಗೂ ಚಾಚುತ್ತದೆ. ಹಾಗಾಗಿ ಚೇತರಿಕೆಯನ್ನು ನಿರ್ಧರಿಸುವುದು, ರೋಗ ದಾಟಿದ ಮೇಲೆ ಉಳಿದವರಿಗೆ ನೆಲ, ಆಹಾರ, ಆರೈಕೆ ಸಿಗುತ್ತವೆಯೇ ಎಂಬುದು. ಇವುಗಳಲ್ಲಿ ನೆಲವೇ ಮೊದಲನೆಯದೆಂದು ನನ್ನ ದೃಢವಾದ ಅಭಿಪ್ರಾಯ.

ಬ್ರೆಜಿಲಿನ ಪನಾರಾ ಜನರ ಚರಿತ್ರೆಯನ್ನು ನೋಡಿ. ಅವರ ಕಾಡನ್ನು ಸೀಳಿ ಹೆದ್ದಾರಿ ಹಾದುಹೋದ ಸಮಯದಲ್ಲಿ, 1973ರಲ್ಲಿ, ಅಧಿಕೃತ ಸಂಪರ್ಕ ಏರ್ಪಟ್ಟಿತು. ಎರಡೇ ವರ್ಷಗಳಲ್ಲಿ ರೋಗಗಳು ಅವರನ್ನು ಎಷ್ಟು ಕರಗಿಸಿದವೆಂದರೆ, 1975ರಲ್ಲಿ ಶಿಂಗು ಸಂರಕ್ಷಿತ ಪ್ರದೇಶಕ್ಕೆ ಸಾಗಿಸಲು ಉಳಿದಿದ್ದವರು 79 ಮಂದಿ. ಅಲ್ಲಿ ಲಸಿಕೆ ಮತ್ತು ವೈದ್ಯಕೀಯ ನೆರವು ದೊರೆತು ಮಕ್ಕಳು ಉಳಿಯತೊಡಗಿದರು. 1990ರ ದಶಕದಲ್ಲಿ ಅವರು ತಮ್ಮ ಹಳೆಯ ನೆಲದಲ್ಲಿ ಹಾಳಾಗದೆ ಉಳಿದಿದ್ದ ಭಾಗಕ್ಕೆ ಮರಳಿದರು. ಇಂದು ಅವರ ಸಂಖ್ಯೆ ಐನೂರನ್ನು ದಾಟಿದೆ.

ಅಂಡಮಾನಿನಲ್ಲಿ ಎರಡೂ ಬಗೆಯ ಕಥೆಗಳಿವೆ. 1858ರಲ್ಲಿ ಬ್ರಿಟಿಷರ ಕೈದಿಗಳ ವಸಾಹತು ನೆಲೆಗೊಂಡ ಬಳಿಕ ಗ್ರೇಟ್ ಅಂಡಮಾನಿಗಳೆಂಬ ಅಲ್ಲಿನ ಮೂಲನಿವಾಸಿಗಳಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಹರಡಿ ಬಸಿರು ನಿಲ್ಲುವುದೇ ಕಷ್ಟವಾಯಿತು, 1877ರ ದಡಾರ ಉಳಿದವರಲ್ಲೂ ಬಹಳ ಮಂದಿಯನ್ನು ಬಲಿ ತೆಗೆದುಕೊಂಡಿತು. 1961ರಲ್ಲಿ ಅವರು ಕೇವಲ 19 ಮಂದಿ, 2011ರಲ್ಲಿ 44. ಸಂಖ್ಯೆ ಇಷ್ಟು ಇಳಿದಾಗ ಸಮುದಾಯದೊಳಗೆ ಮದುವೆಗೆ ತಕ್ಕ ಜೋಡಿಯೇ ದೊರೆಯುವುದಿಲ್ಲ. ಕಾಡನ್ನು ಬಹುಮಟ್ಟಿಗೆ ಉಳಿಸಿಕೊಂಡ, ಅಲ್ಲಿನ ಇನ್ನೊಂದು ಸಮುದಾಯವಾದ ಜಾರವಾಗಳಲ್ಲೂ 1999ರಲ್ಲಿ ದಡಾರ ಕಾಣಿಸಿಕೊಂಡಿತು, ಆದರೆ ಚಿಕಿತ್ಸೆ ತಲುಪಿತು. 2011ರ ಜನಗಣತಿಯಲ್ಲಿ ಅವರು 380 ಮಂದಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜನಗಣತಿಯ ಏರಿಕೆಯೆಲ್ಲ ಹೆರಿಗೆಯಿಂದ ಬಂದದ್ದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲನಿವಾಸಿಗಳು 1900ರ ಗಣತಿಯಲ್ಲಿ ಸುಮಾರು 2.37 ಲಕ್ಷಕ್ಕೆ ಕುಸಿದಿದ್ದರು. ಮುಂದಿನ ದಶಕಗಳ ಬೆಳವಣಿಗೆಯಲ್ಲಿ ಶಿಶುಮರಣದ ಇಳಿಕೆಯ ಪಾಲು ದೊಡ್ಡದು. ಆದರೆ 1960ರಿಂದ ಜನರೇ ತಮ್ಮ ಗುರುತನ್ನು ಹೇಳಿಕೊಳ್ಳುವ ಪದ್ಧತಿ ಬಂತು, 2000ದಿಂದ ಒಂದಕ್ಕಿಂತ ಹೆಚ್ಚು ಗುರುತುಗಳನ್ನು ನಮೂದಿಸಲು ಅವಕಾಶವಾಯಿತು. ಮಿಶ್ರ ಮೂಲದವರೂ ಸೇರಿ 2010ರಲ್ಲಿ 52 ಲಕ್ಷವಿದ್ದ ಸಂಖ್ಯೆ 2020ರಲ್ಲಿ 97 ಲಕ್ಷವಾಯಿತು. ಯಾವ ಜನನ ಪ್ರಮಾಣವೂ ಹತ್ತು ವರ್ಷಗಳಲ್ಲಿ ಇಷ್ಟನ್ನು ತರಲಾರದು. ಬಚ್ಚಿಟ್ಟ ಗುರುತನ್ನು ನಿರ್ಭಯವಾಗಿ ಹೇಳಿಕೊಳ್ಳುವುದು ಸಂತೋಷದ ಸಂಗತಿಯೇ ಸರಿ. ಆದರೂ ಸಮುದಾಯವೊಂದು ನಿಜಕ್ಕೂ ಚೇತರಿಸಿಕೊಳ್ಳುತ್ತಿದೆಯೇ ಎಂದು ತಿಳಿಯಲು ಶಿಶುಮರಣದ ದರ, ಸರಾಸರಿ ಆಯುಷ್ಯ ಹಾಗೂ ಅವರ ಕೈಯಲ್ಲಿರುವ ನೆಲದ ವಿಸ್ತಾರವನ್ನು ಒಟ್ಟು ಸಂಖ್ಯೆಯ ಜೊತೆಗಿಟ್ಟು ಓದಬೇಕಾಗುತ್ತದೆ.