ಕಾರವಾರದಂಥ ಊರಿನ ಸರ್ಕಾರಿ ಕಾಲೇಜಿಗೆ 60 ತುಂಬಿದಾಗ ಅದರ ಇತಿಹಾಸಕ್ಕೆ ಗೌರವ ಕೊಡುವುದು ಹೇಗೆ?

ವಜ್ರ ಮಹೋತ್ಸವ ಅಂದ ಕೂಡಲೇ ನೆನಪಾಗುವುದು ಶಾಮಿಯಾನ, ಸನ್ಮಾನ. ಅವೂ ಇರಲಿ. ಆದರೆ ಮೊದಲು ಉಳಿಸಬೇಕಾದ್ದು ಹಳೆಯ ರಿಜಿಸ್ಟರು, ವಾರ್ಷಿಕ ಸಂಚಿಕೆ, ಗ್ರೂಪ್ ಫೋಟೋ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬೇರೆ. ಜೂನ್‌ಗೆ ಮುಂಚೆಯೇ ಸ್ಕ್ಯಾನ್ ಮಾಡಿಸಿಬಿಡಿ.

ಆಮೇಲೆ ಹಳೆಯ ವಿದ್ಯಾರ್ಥಿಗಳ ಮನೆಗೇ ಹೋಗಿ ಮಾತು ರೆಕಾರ್ಡ್ ಮಾಡಿ. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಅಲ್ವಾ? ಆ ಕಾಲ ಚೆನ್ನಾಗಿ ನೆನಪಿರುವವರಿಗೆ ಈಗ ತುಂಬಾ ವಯಸ್ಸಾಗಿದೆ, ತಡ ಮಾಡಬೇಡಿ. ಕಾಳಿ ನದಿಗೆ ಸೇತುವೆ ಆಗುವ ಮೊದಲು ಸದಾಶಿವಗಡದ ಕಡೆಯಿಂದ ನದಿ ದಾಟಿ ಬರುತ್ತಿದ್ದವರು, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮನೆಯ ಮಕ್ಕಳು, ಇವರ ನೆನಪು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ಗುಮಾಸ್ತರು, ಜವಾನರನ್ನೂ ಕೇಳಿ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಉಳಿಸಿ.